ಸೀಟಿನ ಕಂಬಕ್ಕೊಂದು ಗೆರೆ

ಕೊಟ್ಟಿಗೆಯ ಮೂಲೆಯಲ್ಲಿ ಇಪ್ಪತ್ತು ವರ್ಷ ಧೂಳು ತಿನ್ನುತ್ತ ನಿಂತಿದ್ದ ತಾತನ ಸೈಕಲ್ಲನ್ನು ಮೊಮ್ಮಗ ಒಂದು ದಿನ ಹೊರಗೆ ತರುತ್ತಾನೆ. ಟೈರು, ಟ್ಯೂಬು ಬದಲಾಯಿಸುತ್ತಾನೆ, ಚೈನಿಗೆ ಎಣ್ಣೆ ಬಿಡುತ್ತಾನೆ, ಬೆಲ್ಲಿನ ತುಕ್ಕು ಉಜ್ಜುತ್ತಾನೆ. ಏರಿ ಕೂತು ನಾಲ್ಕು ಸುತ್ತು ತುಳಿದರೆ ತೊಡೆ ನೋಯುತ್ತದೆ. ತಾತನಿಗೆ ಸರಿಹೊಂದಿದ್ದ ಸೀಟು ಅರ್ಧ ಅಡಿ ಎತ್ತರದ ಮೊಮ್ಮಗನಿಗೆ ತಗ್ಗಾಯಿತು. ಪಾನಾ ತಂದು ಬೋಲ್ಟು ಸಡಿಲಿಸಿ, ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚುತ್ತ ಮೇಲಕ್ಕೆಳೆಯುತ್ತಾನೆ. ಎರಡು ಇಂಚು, ಮೂರು ಇಂಚು, ಇನ್ನೂ ಸ್ವಲ್ಪ.

ಎಲ್ಲಿಯವರೆಗೆ ಎಳೆಯಬಹುದು?

ಇಂದಿನ ಸೈಕಲ್ಲಾದರೆ ಈ ಪ್ರಶ್ನೆಗೆ ಉತ್ತರ ಸೀಟಿನ ಕಂಬದ ಮೇಲೆಯೇ ಇರುತ್ತದೆ. ಅಂಗಡಿಯವರು ಸೀಟ್ ಪಿಲ್ಲರ್ ಎನ್ನುವ ಆ ಕಂಬದ ಕೆಳಭಾಗದಲ್ಲಿ ಒಂದು ಗೆರೆಯನ್ನೋ ಸಾಲು ಗೀಟುಗಳನ್ನೋ ಕೆತ್ತಿರುತ್ತಾರೆ. ಆ ಗೆರೆ ಫ್ರೇಮಿನಿಂದ ಹೊರಗೆ ಕಾಣಿಸಕೂಡದು ಎಂದು ಅದರ ಅರ್ಥ. ತಾತನ ಸೈಕಲ್ಲಿನ ಕಂಬವನ್ನು ಎಷ್ಟು ತಿಕ್ಕಿ ನೋಡಿದರೂ ಅಂಥ ಗೆರೆ ಸಿಗುವುದು ಅಪರೂಪ. ಗೆರೆಯಿಲ್ಲದ ಕಂಬವನ್ನು ಅಳತೆ ಮೀರಿ ಎಳೆದು ಬೋಲ್ಟು ಬಿಗಿದರೆ ಅಂಗಳದಲ್ಲಿ ಅದು ಗಟ್ಟಿಯಾಗಿಯೇ ಕೂತಂತೆ ಕಾಣುತ್ತದೆ. ಅದು ಕೈಕೊಡುವುದು ಗುಂಡಿ ಬಿದ್ದ ರಸ್ತೆಯಲ್ಲಿ, ಹಿಂದಿನಿಂದ ಲಾರಿ ಬರುತ್ತಿರುವಾಗ. ಆ ಗೆರೆ ಯಾಕೆ ಹುಟ್ಟಿತು, ಅಷ್ಟು ತಡವಾಗಿ ಯಾಕೆ ಹುಟ್ಟಿತು ಎಂದು ಹುಡುಕುತ್ತ ಹೋದರೆ ಸೈಕಲ್ಲಿನ ಇನ್ನೂರು ವರ್ಷಗಳ ಚರಿತ್ರೆಯೇ ಎದುರಾಗುತ್ತದೆ.

ಮೊದಲು ಸೀಟಿನ ಎತ್ತರವನ್ನು ನಿರ್ಧರಿಸಿದ್ದು ನೆಲ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಚಕ್ರದ ಮರದ ಗಾಡಿಯೊಂದರ ಮೇಲೆ ಕೂತು ಹೊರಟ. ಅದಕ್ಕೆ ಪೆಡಲಿರಲಿಲ್ಲ, ಚೈನಿರಲಿಲ್ಲ. ಸವಾರ ಸೀಟಿನ ಮೇಲೆ ಕೂತೇ ನೆಲವನ್ನು ಕಾಲಿನಿಂದ ಒದ್ದು ಓಡಬೇಕಿತ್ತು. ಎರಡೂ ಪಾದ ಸಲೀಸಾಗಿ ನೆಲಕ್ಕೆ ಮುಟ್ಟದಿದ್ದರೆ ಗಾಡಿ ಇಂಚೂ ಸರಿಯುತ್ತಿರಲಿಲ್ಲ. ಸೀಟು ತುಸು ಮೇಲಾದರೆ ಸವಾರ ತೇಲುತ್ತಾನೆ, ತುಸು ಕೆಳಗಾದರೆ ಕುಕ್ಕರಗಾಲಲ್ಲಿ ಓಡಬೇಕಾಗುತ್ತದೆ. ಕಾಲು ನೆಲಕ್ಕೆ ಮುಟ್ಟಿದರೆ ಕ್ಷೇಮ ಎಂಬ ನಂಬಿಕೆ ಸೈಕಲ್ಲಿನ ಜೊತೆಗೇ ಹುಟ್ಟಿದ್ದು ಹೀಗೆ. ಅದು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರದ ಅಚ್ಚಿಗೇ ಪೆಡಲು ಜೋಡಿಸಿದರು. ಕಾಲು ನೆಲ ಬಿಟ್ಟಿತು. ಅಲ್ಲಿಂದ ಮುಂದಿನ ಹೆಜ್ಜೆ ತರ್ಕಬದ್ಧವೇ ಆದರೂ ಈಗ ನೋಡಿದರೆ ಹುಚ್ಚುತನದಂತೆ ತೋರುತ್ತದೆ. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹಾಗಾದರೆ ವೇಗ ಬೇಕೆಂದರೆ ಚಕ್ರ ದೊಡ್ಡದಾಗಬೇಕು. 1870ರ ದಶಕದಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೊದಲಾದವರು ಮುಂದಿನ ಚಕ್ರವನ್ನು ಬೆಳೆಸುತ್ತ ಹೋದರು. 54 ಇಂಚಿನ ಚಕ್ರ ಒಂದು ಸುತ್ತಿಗೆ ನಾಲ್ಕೂಕಾಲು ಮೀಟರಿಗೂ ಮಿಕ್ಕಿ ದೂರ ಹೋಗುತ್ತದೆ. ಆದರೆ ಸವಾರನ ಕಾಲಿನ ಉದ್ದಕ್ಕೆ ಮಿತಿಯಿದೆಯಲ್ಲ! ಪೆಡಲು ಕೆಳಗೆ ಹೋದಾಗ ಪಾದ ಅದನ್ನು ಮುಟ್ಟಲೇಬೇಕು. ಹೀಗಾಗಿ ಆ ಕಾಲದಲ್ಲಿ ಸೀಟನ್ನು ಎತ್ತರಿಸುವ ಪ್ರಶ್ನೆಯೇ ಇರಲಿಲ್ಲ. ಕಾಲಿನ ಅಳತೆ ಕೊಟ್ಟು, ಬಟ್ಟೆ ಹೊಲಿಸಿದಂತೆ, ಅದಕ್ಕೆ ತಕ್ಕ ಚಕ್ರದ ಸೈಕಲ್ಲನ್ನೇ ಕೊಳ್ಳಬೇಕಿತ್ತು. ಉದ್ದಕಾಲಿನವನಿಗೆ 60 ಇಂಚು, ಗಿಡ್ಡಕಾಲಿನವನಿಗೆ 48. ಹುಟ್ಟಿನಿಂದಲೇ ಉದ್ದಕಾಲು ಪಡೆದವನಿಗೆ ಹೆಚ್ಚು ವೇಗ! ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ಇಂಥದೇ 50 ಇಂಚಿನ ಕೊಲಂಬಿಯಾ ಗಾಡಿಯಲ್ಲಿ ಲೋಕ ಸುತ್ತಿದ. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಆತ ತುಳಿದುಕೊಂಡು ಹೋಗುವುದನ್ನು ಕಂಡವರ ಮುಖ ಹೇಗಿದ್ದಿರಬೇಕೋ.

ಎತ್ತರದ ಚಕ್ರದ ಮೇಲೆ, ಹೆಚ್ಚುಕಡಿಮೆ ಅಚ್ಚಿನ ನೇರಕ್ಕೆ ಕೂತವನಿಗೆ ಒಂದು ಕಲ್ಲು ಅಡ್ಡ ಬಂದರೂ ಸಾಕು, ಗಾಡಿಯ ಹಿಂಭಾಗ ಮೇಲೆದ್ದು ತಲೆಕೆಳಗಾಗಿ ಬೀಳುತ್ತಿದ್ದ. ಕೈ ಮುರಿಯುವುದು, ಕೆಲವೊಮ್ಮೆ ಕತ್ತೇ ಮುರಿಯುವುದು ಆ ಸವಾರಿಯ ಸಹಜ ಭಾಗವೆನಿಸಿತ್ತು. ಹಾಗಾಗಿಯೇ ಜೇಮ್ಸ್ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ ರೋವರ್ ಸೈಕಲ್ಲಿನ ವರ್ಗಕ್ಕೆ ‘ಸೇಫ್ಟಿ’ ಎಂದೇ ಹೆಸರಾಯಿತು. ಪೆಡಲು ನಡುವೆ, ಅಲ್ಲಿಂದ ಹಿಂದಿನ ಚಕ್ರಕ್ಕೆ ಚೈನು. ಚಕ್ರ ದೊಡ್ಡದಾಗದೆಯೂ ಹಲ್ಲುಗಳ ಲೆಕ್ಕದಿಂದಲೇ ವೇಗ ಪಡೆಯಬಹುದಾಯಿತು. ಈ ಹೆಸರು ಎಷ್ಟು ಹರಡಿತೆಂದರೆ ಪೋಲೆಂಡಿನವರು ಇಂದಿಗೂ ಸೈಕಲ್ಲಿಗೆ ‘ರೋವರ್’ ಎನ್ನುತ್ತಾರೆ.

ರೋವರ್ ಎಂದರೆ ಚೈನು, ಸಮನಾದ ಚಕ್ರ ಎಂದಷ್ಟೇ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. 1898ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಸೈಕಲ್ಲಿನ ವಿಕಾಸದ ಬಗ್ಗೆ ಮಾತಾಡುತ್ತ ಸ್ಟಾರ್ಲಿ ತನಗೆ ದಾರಿ ತೋರಿದ ತತ್ವಗಳನ್ನು ವಿವರಿಸಿದ. ಸವಾರ ನೆಲದಿಂದ ತಕ್ಕ ದೂರದಲ್ಲಿರಬೇಕು, ಪೆಡಲಿಗೆ ಹೋಲಿಸಿದರೆ ಸೀಟು ಸರಿಯಾದ ಜಾಗದಲ್ಲಿರಬೇಕು, ಮತ್ತು ಆ ಸೀಟನ್ನು ಬೇಕೆಂದಾಗ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸುವಂತಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುವು. ಅಂದರೆ ಸೀಟಿನ ಎತ್ತರ ಬದಲಿಸುವ ಅನುಕೂಲ ಆಮೇಲೆ ಸೇರಿಸಿದ ಸೌಕರ್ಯವಲ್ಲ, ಆಧುನಿಕ ಸೈಕಲ್ಲಿನ ಮೂಲ ಕಲ್ಪನೆಯ ಒಂದು ಅಂಗ. ಕಾಲಿಗೆ ತಕ್ಕ ಸೈಕಲ್ ಹುಡುಕುವ ಕಾಲ ಹೋಗಿ, ಒಂದೇ ಸೈಕಲ್ಲನ್ನು ಹಲವು ಕಾಲುಗಳಿಗೆ ಹೊಂದಿಸುವ ಕಾಲ ಬಂತು. ಬಾಡಿಗೆ ಸೈಕಲ್ ಶಾಪು ಹುಟ್ಟಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆದರೆ ಈ ಅನುಕೂಲದ ಜೊತೆಗೇ ಒಂದು ಅಪಾಯವೂ ಬಂತು. ಮೇಲೆ ಕೆಳಗೆ ಸರಿಯುವ ಕಂಬವೆಂದರೆ, ಹೊರಗೆಳೆಯಬಹುದಾದ ಕಂಬ.

ಉಕ್ಕಿನ ಕೊಳವೆಯ ಗುಟ್ಟು

1890ರ ಸುಮಾರಿಗೆ ಸೈಕಲ್ಲಿನ ಫ್ರೇಮು ಇಂದು ನಾವು ಕಾಣುವ ಆಕಾರಕ್ಕೆ ಬಂದು ನಿಂತಿತು. ಮುಂದೊಂದು ಹಿಂದೊಂದು ತ್ರಿಕೋನ. ಅವೆರಡರ ನಡುವಿನ ಗಡಿಯಾಗಿ, ಪೆಡಲಿನ ಅಚ್ಚಿನಿಂದ ಮೇಲಕ್ಕೆ ತುಸು ಹಿಂದೆ ವಾಲಿದ ಒಂದು ಕೊಳವೆ. ಸೀಟಿನ ಕಂಬ ಇಳಿಯುವುದು ಇದರೊಳಗೆ. ಈ ಕೊಳವೆಯ ನೆತ್ತಿಯಲ್ಲಿ ಮುಂದಿನಿಂದ ಬಂದ ಅಡ್ಡ ಬಾರು, ಹಿಂದಿನ ಚಕ್ರದಿಂದ ಏರಿ ಬಂದ ಎರಡು ಸಣ್ಣ ಸರಳುಗಳು ಒಂದೆಡೆ ಸೇರುತ್ತವೆ. ಹಳೆಯ ಸೈಕಲ್ಲುಗಳಲ್ಲಿ ಈ ಸಂಧಿಗೆ ‘ಲಗ್’ ಎಂಬ ಉಕ್ಕಿನ ಗವುಸು ತೊಡಿಸಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಲಗ್ಗಿನ ಹಿಂಬದಿಯಲ್ಲಿ ಒಂದು ಸೀಳು, ಸೀಳಿನ ಎರಡು ಪಕ್ಕದಲ್ಲಿ ಎರಡು ಕಿವಿ, ಕಿವಿಗಳ ಮೂಲಕ ಒಂದು ಬೋಲ್ಟು. ಬೋಲ್ಟು ಬಿಗಿದರೆ ಸೀಳು ಕಿರಿದಾಗಿ ಕೊಳವೆ ಕಂಬವನ್ನು ಅಪ್ಪಿಕೊಳ್ಳುತ್ತದೆ. ನೂರಾಮೂವತ್ತು ವರ್ಷವಾದರೂ ಮಾರ್ಪಾಡು ಬೇಡವೆನಿಸಿದ ಸರಳ ಉಪಾಯ.

ಉಕ್ಕು ಗಟ್ಟಿ ಎಂಬುದು ನಿಜ. ಸೈಕಲ್ಲಿನ ಉಕ್ಕು ಎಷ್ಟು ತೆಳು ಎಂಬುದನ್ನು ಮಾತ್ರ ಹೊರಗಿನಿಂದ ಅಂದಾಜು ಮಾಡಲಾಗದು. ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ತಯಾರಿಸುತ್ತಿದ್ದ ರೆನಾಲ್ಡ್ಸ್ ಮನೆತನದ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಒಬ್ಬ ಜೊತೆಗಾರನೊಂದಿಗೆ ವಿಶೇಷ ಬಗೆಯ ಕೊಳವೆಗೆ ಪೇಟೆಂಟ್ ಪಡೆದ. ಹೊರಗಿನಿಂದ ನೋಡಿದರೆ ಉದ್ದಕ್ಕೂ ಒಂದೇ ದಪ್ಪ. ಒಳಗೆ ಮಾತ್ರ, ಬೆಸುಗೆಯ ಬಿಸಿ ತಗಲುವ ತುದಿಗಳಲ್ಲಿ ಗೋಡೆ ದಪ್ಪ, ನಡುವೆ ತೆಳು. ತೂಕ ಉಳಿಯಿತು, ಸಂಧಿಯ ಬಲವೂ ಉಳಿಯಿತು. 1935ರಲ್ಲಿ ಇದೇ ಕಂಪನಿ ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆಸಿದ ‘531’ ಎಂಬ ಉಕ್ಕಿನ ಕೊಳವೆ ತಂದಿತು. ಮುಂದಿನ ನಾಲ್ಕೈದು ದಶಕ ಯುರೋಪಿನ ಪಂದ್ಯದ ಸೈಕಲ್ಲುಗಳಿಗೆ ಅದೇ ಮಾದರಿ.

ಸೀಟಿನ ಕೊಳವೆ ಈ ಕುಟುಂಬದಲ್ಲಿ ಒಂದು ಅಪವಾದ. ಮೇಲಿನ ತುದಿಯೊಳಗೆ ಕಂಬ ಇಳಿಯಬೇಕಾದ್ದರಿಂದ ಅಲ್ಲಿ ಒಳಗಿನ ಗೋಡೆಯನ್ನು ದಪ್ಪ ಮಾಡಲಾಗದು. ಹಾಗಾಗಿ ಅನೇಕ ಫ್ರೇಮುಗಳಲ್ಲಿ ಅದು ಕೆಳಗೆ ದಪ್ಪ, ಮೇಲೆ ತೆಳು. ಉತ್ತಮ ಪಂದ್ಯದ ಫ್ರೇಮಿನಲ್ಲಿ 28.6 ಮಿಲಿಮೀಟರ್ ಹೊರ ಅಳತೆಯ ಕೊಳವೆಗೆ 27.2 ಮಿಲಿಮೀಟರಿನ ಕಂಬ ಹಿಡಿಸುತ್ತದೆ. ಲೆಕ್ಕ ಹಾಕಿದರೆ ಗೋಡೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಸಾಮಾನ್ಯ ರೋಡ್‌ಸ್ಟರ್ ಸೈಕಲ್ಲುಗಳ ಗೋಡೆ ಇದಕ್ಕಿಂತ ದಪ್ಪ, ಕಂಬ ಸುಮಾರು ಒಂದು ಇಂಚು.

ಚಪ್ಪರಕ್ಕೆ ಕಂಬ ನೆಡುವವನಿಗೆ ಇಲ್ಲಿನ ಯಂತ್ರಶಾಸ್ತ್ರವನ್ನು ಯಾರೂ ಕಲಿಸಬೇಕಿಲ್ಲ. ಮೇಲೆ ಎಷ್ಟು ಉದ್ದವಿದೆಯೋ ಅದಕ್ಕೆ ತಕ್ಕ ಆಳದ ಗುಂಡಿ ಬೇಕು. ಗುಂಡಿ ಸಾಲದಿದ್ದರೆ ಕಂಬ ಮುರಿಯುವುದಿಲ್ಲ, ಗುಂಡಿಯ ಬಾಯಿ ಒಡೆಯುತ್ತದೆ. ಸೀಟಿನ ಕಂಬ ಹಿಂದಕ್ಕೆ ವಾಲಿರುವುದರಿಂದ ಸವಾರನ ಭಾರ ಅದನ್ನು ಕೆಳಗೆ ಒತ್ತುವುದಷ್ಟೇ ಅಲ್ಲ, ಹಿಂದಕ್ಕೆ ಬಗ್ಗಿಸಲೂ ಯತ್ನಿಸುತ್ತದೆ. 70 ಕಿಲೋ ತೂಕದವನು ಪೂರ್ತಿ ಭಾರ ಬಿಟ್ಟು ಕೂತಿದ್ದಾನೆ, ಕೊಳವೆ ನೆಲಕ್ಕೆ 72 ಡಿಗ್ರಿ ಓರೆಯಾಗಿದೆ, ಕಂಬ 20 ಸೆಂಟಿಮೀಟರ್ ಹೊರಗಿದೆ ಎಂದಿಟ್ಟುಕೊಳ್ಳೋಣ. ಒಳಗೆ ಆರೂವರೆ ಸೆಂಟಿಮೀಟರ್ ಉಳಿದಿದ್ದರೆ ಕಂಬದ ಕೆಳತುದಿ ಕೊಳವೆಯ ಗೋಡೆಯನ್ನು ಸುಮಾರು 65 ಕಿಲೋ ಭಾರದಷ್ಟು ಬಲದಿಂದ ಒಳಗಿನಿಂದ ನೂಕುತ್ತದೆ. ಎರಡೂವರೆ ಸೆಂಟಿಮೀಟರ್ ಮಾತ್ರ ಉಳಿದಿದ್ದರೆ ಅದೇ ಬಲ 170 ಕಿಲೋ ದಾಟುತ್ತದೆ. ಇದು ಸುಮ್ಮನೆ ಕೂತಾಗಿನ ಲೆಕ್ಕ. ಗುಂಡಿಗಿಳಿದಾಗ ಇದು ಎಷ್ಟೋ ಪಟ್ಟಾಗುತ್ತದೆ. ಅದೂ ಒಮ್ಮೆಯಲ್ಲ, ಪ್ರತಿದಿನ ಸಾವಿರಾರು ಸಲ.

ಉಕ್ಕು ಇಂಥ ಪೆಟ್ಟಿಗೆ ತಕ್ಷಣ ಮುರಿಯುವುದಿಲ್ಲ. ಮೊದಲು ದಣಿಯುತ್ತದೆ. ಸೀಳಿನ ಬುಡದಲ್ಲೋ ಲಗ್ಗಿನ ಅಂಚಿನ ಕೆಳಗೋ ಕೂದಲಿನಂಥ ಬಿರುಕು ಕಾಣಿಸಿಕೊಂಡು ಮೆಲ್ಲನೆ ಸುತ್ತುವರಿಯುತ್ತದೆ. ಕಂಬ ಕನಿಷ್ಠ ಅಡ್ಡ ಬಾರಿನ ಸಂಧಿಯನ್ನು ದಾಟಿ ಕೆಳಗಿಳಿದಿರಬೇಕು ಎಂದು ಅನುಭವಿ ಮೇಸ್ತ್ರಿಗಳು ಹೇಳುವುದು ಇದಕ್ಕಾಗಿಯೇ. ಹಾಗಿದ್ದರೆ ಬಗ್ಗಿಸುವ ಬಲವನ್ನು ಮೂರು ದಿಕ್ಕಿನ ಕೊಳವೆಗಳೂ ಹಂಚಿಕೊಳ್ಳುತ್ತವೆ. ಇಲ್ಲವಾದರೆ ಇಡೀ ಭಾರ ಒಂದು ಗೇಣಗಲವೂ ಇಲ್ಲದ ತೆಳು ಉಕ್ಕಿನ ಬಳೆಯ ಮೇಲೆ.

ಇಷ್ಟು ಸ್ಪಷ್ಟವಾದ ಸಂಗತಿಗೆ ಕಂಬದ ಮೇಲೊಂದು ಗೆರೆ ಎಳೆಯಲು ಯಾಕಿಷ್ಟು ತಡ? ಉತ್ತರ ಹಳೆಯ ಫ್ರೇಮಿನ ಆಕಾರದಲ್ಲಿದೆ. ಅಂದು ಅಡ್ಡ ಬಾರು ನೆಲಕ್ಕೆ ಸಮಾನಾಂತರವಾಗಿ ಎತ್ತರದಲ್ಲಿರುತ್ತಿತ್ತು, ಫ್ರೇಮೇ ದೊಡ್ಡದಾಗಿರುತ್ತಿತ್ತು. ಸೀಟಿಗೂ ಬಾರಿಗೂ ನಡುವೆ ಒಂದು ಹಿಡಿಯಷ್ಟು ಕಂಬ ಕಂಡರೆ ಅಳತೆ ಸರಿ ಎಂಬುದು ಇಂಗ್ಲೆಂಡಿನ ಅಂಗಡಿಗಳ ವಾಡಿಕೆಯ ಲೆಕ್ಕ. ಹಿಡಿಗಿಂತ ಹೆಚ್ಚು ಬೇಕಾದವನಿಗೆ ಅಂಗಡಿಯವನು ಮುಂದಿನ ಅಳತೆಯ ಫ್ರೇಮನ್ನೇ ಕೊಡುತ್ತಿದ್ದ. ಆದ್ದರಿಂದ ಕಂಬಗಳೂ ಗಿಡ್ಡವೇ. ಸೈಕಲ್ಲನ್ನು ಬಲ್ಲವನು ಮಾರಿ, ಬಲ್ಲವನು ಹೊಂದಿಸಿ ಕೊಡುತ್ತಿದ್ದಷ್ಟು ಕಾಲ ಗೆರೆಯ ಅಗತ್ಯ ಬೀಳಲಿಲ್ಲ.

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೈಕಲ್ಲಿನ ಭಾರಿ ಅಲೆಯೆದ್ದಿತು. ಸೈಕಲ್ಲು ಗೊತ್ತಿಲ್ಲದವರು ಮಾರಿದರು, ಗೊತ್ತಿಲ್ಲದವರು ಕೊಂಡು ಮನೆಯಲ್ಲೇ ಜೋಡಿಸಿಕೊಂಡರು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ರೂಪಿಸಿ 1976ರಲ್ಲಿ ಜಾರಿಗೆ ತಂದ ನಿಯಮಗಳಲ್ಲಿ ಸೀಟಿನ ಕಂಬಕ್ಕೂ ಒಂದು ಕಲಮು ಸಿಕ್ಕಿತು. ಕಂಬದ ಮೇಲೆ ಅಳಿಸಲಾಗದ ಗುರುತಿರಬೇಕು, ಅದು ಕೆಳತುದಿಯಿಂದ ಕನಿಷ್ಠ ಕಂಬದ ದಪ್ಪದ ಎರಡರಷ್ಟು ಮೇಲಿರಬೇಕು, ಗುರುತು ಹಾಕುವುದರಿಂದ ಕಂಬದ ಬಲ ಕುಂದಬಾರದು. ಆಮೇಲೆ ಅಂತರರಾಷ್ಟ್ರೀಯ ಮಾನದಂಡಗಳಲ್ಲೂ ಇಂಥದೇ ನಿಯಮ ಬಂತು. ಗೆರೆಯ ಜನ್ಮಕಥೆ ಇಷ್ಟು. ಅದಕ್ಕಿಂತ ಹಳೆಯ ಸೈಕಲ್ಲುಗಳು ಗೆರೆಯಿಲ್ಲದೆಯೇ ಉಳಿದುಕೊಂಡವು.

ಮೊಣಕಾಲಿನ ವಾದ

ನಮ್ಮ ರಸ್ತೆಗಳ ಕಪ್ಪು ಸೈಕಲ್ಲು ಈ ಇಂಗ್ಲಿಷ್ ವಂಶದ್ದೇ. ಮದ್ರಾಸಿನಲ್ಲಿ 1949ರಲ್ಲಿ ಸ್ಥಾಪನೆಯಾಗಿ ಹರ್ಕ್ಯುಲಿಸ್ ಸೈಕಲ್ಲುಗಳನ್ನು ತಯಾರಿಸಿದ ಟಿ.ಐ. ಸೈಕಲ್ಸ್, ಮುರುಗಪ್ಪ ಮನೆತನ ಮತ್ತು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕೂಡಿ ಕಟ್ಟಿದ ಕಂಪನಿ. ಬರ್ಮಿಂಗ್‌ಹ್ಯಾಮಿನ ಆ ರೆನಾಲ್ಡ್ಸ್ ಕೊಳವೆ ಕಾರ್ಖಾನೆಯೂ 1928ರಿಂದ ಇದೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್‌ನ ಕೈಯಲ್ಲಿತ್ತು. ಸೋನೆಪತ್‌ನ ಅಟ್ಲಾಸ್, ಆಸನ್ಸೋಲ್‌ನ ಸೇನ್-ರ್‍ಯಾಲೆ, 1956ರಲ್ಲಿ ಶುರುವಾದ ಲೂಧಿಯಾನದ ಹೀರೋ, ಎಲ್ಲವೂ ಮಾಡಿದ್ದು ಅದೇ 28 ಇಂಚಿನ ಚಕ್ರದ, ಎತ್ತರದ ಬಾರಿನ, ಲಗ್ಗು ಬೆಸೆದ ರೋಡ್‌ಸ್ಟರ್. ಇಂಗ್ಲೆಂಡಿನಲ್ಲಿ ಅದು ಹಳತಾದ ಮೇಲೂ ಇಲ್ಲಿ ದಶಕಗಳ ಕಾಲ ಓಡಿತು.

ಇಲ್ಲಿ ಯಾರೂ ಸೀಟು ಎತ್ತರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದರು. ಕ್ಯಾರಿಯರಿನ ಎರಡೂ ಪಕ್ಕ ಹಾಲಿನ ಕ್ಯಾನು, ಅಥವಾ ಹೆಂಡತಿ, ಮುಂದೆ ಬಾರಿನ ಮೇಲೆ ಮಗು. ಎದುರಿಗೆ ದನ ಬಂದರೆ ಗಕ್ಕನೆ ಕಾಲೂರಬೇಕು. ಭಾರ ಹೊತ್ತ ಸೈಕಲ್ಲಿಗೆ ಡ್ರೈಸನ ಕಾಲದ ನಿಯಮವೇ ಸರಿ. ಬಾಡಿಗೆ ಸೈಕಲ್ ಶಾಪಿನಲ್ಲಿ ಗಂಟೆ ಲೆಕ್ಕದಲ್ಲಿ ಕೊಡುವ ಗಾಡಿಗೆ ಪ್ರತಿಯೊಬ್ಬ ಗಿರಾಕಿಗೂ ಪಾನಾ ಹಿಡಿದು ಕೂರುವವರಾರು? ಎಲ್ಲರಿಗೂ ನಡೆಯುವಂತೆ ಸೀಟು ಪೂರ್ತಿ ಕೆಳಗೆ. ಮಕ್ಕಳಿಗೆ ಅದೂ ಎಟುಕದು. ಅವರು ಬಾರಿನ ಅಡಿಯಿಂದ ಒಂದು ಕಾಲು ತೂರಿಸಿ, ದೇಹವನ್ನು ಓರೆ ಮಾಡಿ ಒಳಪೆಡಲು ಹೊಡೆಯುತ್ತ ಸೀಟಿನ ಸಮಸ್ಯೆಯನ್ನೇ ಬದಿಗಿಟ್ಟರು. ಆಮೇಲೆ ಬಾರಿನ ಮೇಲೆ, ಕೊನೆಗೊಂದು ದಿನ ಸೀಟಿನ ಮೇಲೆ. ಸೀಟಿಗೇರಿದ ದಿನ ಹುಡುಗ ದೊಡ್ಡವನಾದ ದಿನ.

ಕಾಲೂರುವ ಕ್ಷೇಮಕ್ಕೆ ಮೊಣಕಾಲು ತೆರಿಗೆ ಕಟ್ಟುತ್ತಿತ್ತು ಎಂಬುದು ಪ್ರಯೋಗಾಲಯದಲ್ಲಿ ಅಳೆದು ಗೊತ್ತಾದದ್ದು ತಡವಾಗಿ. 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಸವಾರರನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸಿ ತುಳಿಸಿ ಪರೀಕ್ಷಿಸಿದರು. ಪೆಡಲು ಅತಿ ಕೆಳಗಿದ್ದಾಗ ಅಲ್ಲಿಂದ ಸೀಟಿನ ಮೇಲ್ಭಾಗಕ್ಕಿರುವ ದೂರ ಕಾಲಿನ ಒಳ ಅಳತೆಯ 109 ಶೇಕಡಾ ಇದ್ದಾಗ ತುಳಿತ ಅತ್ಯಂತ ಫಲಕಾರಿ ಎಂದು ಕಂಡರು. ಕಾಲಿನ ಒಳ ಅಳತೆ 80 ಸೆಂಟಿಮೀಟರ್ ಇದ್ದವನಿಗೆ ಈ ಎತ್ತರ ಸುಮಾರು 87 ಸೆಂಟಿಮೀಟರ್. 1986ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಅಮೆರಿಕನ್ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಇನ್ನೊಂದು ಲೆಕ್ಕದಲ್ಲಿ ಒಳ ಅಳತೆಯನ್ನು 0.883ರಿಂದ ಗುಣಿಸಿ, ಪೆಡಲಿನ ಅಚ್ಚಿನಿಂದ ಸೀಟಿಗೆ ಅಳೆಯಬೇಕು. ಅದೇ 80 ಸೆಂಟಿಮೀಟರಿಗೆ ಇದು 70.6. ಪೆಡಲಿನ ತೋಳಿನ ಉದ್ದ 17 ಸೆಂಟಿಮೀಟರ್ ಕೂಡಿದರೆ 87.6. ಬೇರೆ ಬೇರೆ ದಾರಿಯಲ್ಲಿ ಬಂದರೂ ಎರಡೂ ಹೆಚ್ಚೂಕಡಿಮೆ ಒಂದೇ ಕಡೆ ತಲುಪುತ್ತವೆ. ಅಳತೆಪಟ್ಟಿಯ ಗೊಡವೆ ಬೇಡದವರಿಗೆ ಹಳೆಯ ಉಪಾಯವಿದೆ. ಸೀಟಿನ ಮೇಲೆ ಕೂತು ಪೆಡಲನ್ನು ಕೆಳಗೆ ತಂದು ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮೊಣಕಾಲಿನಲ್ಲಿ ತಕ್ಕಷ್ಟು ಬಾಗು ಉಳಿಯುತ್ತದೆ. ಸೀಟು ತಗ್ಗಾದರೆ ಮೊಣಕಾಲಿನ ಚಿಪ್ಪಿನ ಹಿಂದೆ ಒತ್ತಡ ಹೆಚ್ಚು. ಮಿತಿಮೀರಿ ಎತ್ತರವಾದರೆ ಸೊಂಟ ಆಚೀಚೆ ಓಲಾಡುತ್ತದೆ, ಮೊಣಕಾಲಿನ ಹಿಂಬದಿ ನೋಯುತ್ತದೆ.

ಕೆಲವು ಮಿಲಿಮೀಟರುಗಳ ವ್ಯತ್ಯಾಸ ಎಂಥ ಪೀಡೆಯಾಗಬಲ್ಲದು ಎಂಬುದಕ್ಕೆ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1969ರ ಬೇಸಿಗೆಯಲ್ಲಿ ಆತ ಮೊದಲ ಬಾರಿಗೆ ಟೂರ್ ಡಿ ಫ್ರಾನ್ಸ್ ಗೆದ್ದ. ಅದೇ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲುವಾದ ಟ್ರ್ಯಾಕಿನಲ್ಲಿ ನಡೆದ ಅಪಘಾತದಲ್ಲಿ ಮುಂದೆ ಮೋಟಾರು ಗಾಡಿ ನಡೆಸುತ್ತಿದ್ದ ಫೆರ್ನಾಂ ವಾಂಬ್ಸ್ಟ್ ಸತ್ತ. ಮೆರ್ಕ್ಸ್‌ನ ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಮೂಳೆ ತಿರುಚಿತು. ಆಮೇಲೆ ಆತನಿಗೆ ಯಾವ ಎತ್ತರದಲ್ಲಿ ಕೂತರೂ ಸಮಾಧಾನವಿರಲಿಲ್ಲ. ಪಂದ್ಯದ ನಡುವೆಯೇ ಸೀಟನ್ನು ಏರಿಸುತ್ತಿದ್ದ, ಇಳಿಸುತ್ತಿದ್ದ. ಅದಾದ ಮೇಲೂ ಆತ ಟೂರ್ ಡಿ ಫ್ರಾನ್ಸನ್ನು ನಾಲ್ಕು ಬಾರಿ ಗೆದ್ದ, 1972ರಲ್ಲಿ ಮೆಕ್ಸಿಕೋದಲ್ಲಿ ಒಂದು ಗಂಟೆಯಲ್ಲಿ 49 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ದಾಖಲೆ ಮಾಡಿದ ಎಂಬುದು ಬೇರೆ ಮಾತು. ಆ ಎಲ್ಲ ಸೈಕಲ್ಲುಗಳೂ ಉಕ್ಕಿನವು, ಸೀಟಿಗೆ ಅದೇ ಸೀಳು, ಅದೇ ಬೋಲ್ಟು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಈ ಹಳೆಯ ಪ್ರಶ್ನೆ ಶಾಲೆಯ ಅಂಗಳಕ್ಕೂ ಬಂತು. ಎಂಟನೆಯ ತರಗತಿಯ ವಯಸ್ಸು ಎಂದರೆ ಒಬ್ಬಳು ಇನ್ನೊಬ್ಬಳ ಭುಜದವರೆಗೂ ಬಾರದ ವಯಸ್ಸು. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಅವಳೇ ಎತ್ತರ ಬೆಳೆದಿರುತ್ತಾಳೆ. ಫ್ರೇಮು ಬೆಳೆಯುವುದಿಲ್ಲ. ಬೆಳೆಯುವ ಕಾಲಿನೊಡನೆ ಬೆಳೆಯಬಲ್ಲದ್ದು ಸೀಟಿನ ಕಂಬವೊಂದೇ.

ಎಳೆಯುವ ಮುನ್ನ

ಕೊಟ್ಟಿಗೆಯಿಂದ ಹೊರಬಂದ ಸೈಕಲ್ಲಿಗೆ ಮರಳಿದರೆ, ಮೊಮ್ಮಗನ ಕಣ್ಣು ಪಳಗಿರುವುದು ಇಂದಿನ ಸೈಕಲ್ಲುಗಳ ಮೇಲೆ. ಗುಡ್ಡಗಾಡಿನ ಸೈಕಲ್ಲುಗಳು ಬಂದ ಮೇಲೆ, 1990ರ ದಶಕದಲ್ಲಿ ಪಂದ್ಯದ ಸೈಕಲ್ಲಿಗೂ ಇಳಿಜಾರಿನ ಬಾರು ಬಂದ ಮೇಲೆ, ಗೇಣುದ್ದ ಕಂಬ ಹೊರಗೆ ಕಾಣುವುದೇ ರೂಢಿಯಾಗಿದೆ. ಆದರೆ ಆ ಕಂಬಗಳು ಉದ್ದ, ಒಳಗೂ ಬೇಕಾದಷ್ಟು ಇಳಿದಿರುತ್ತವೆ. ಅದೇ ನೋಟವನ್ನು ಹಳೆಯ ಗಿಡ್ಡ ಕಂಬದಿಂದ ಪಡೆಯಲು ಹೋದರೆ ಒಳಗೆ ಉಳಿಯುವುದು ಹೆಬ್ಬೆರಳಿನಷ್ಟು. ಹಳೆಯ ಸೈಕಲ್ಲಿನ ಅಪಘಾತಕ್ಕೆ ತುಕ್ಕಿಗಿಂತ ಹೆಚ್ಚಾಗಿ ಈ ಕಣ್ಣಿನ ಮೋಸವೇ ಕಾರಣವಾಗಬಹುದು.

ಆದ್ದರಿಂದ ಎಳೆಯುವ ಮುನ್ನ ಕಂಬವನ್ನು ಪೂರ್ತಿ ಹೊರತೆಗೆದು ನೋಡುವುದು ಉತ್ತಮ. ಒಟ್ಟು ಉದ್ದ ಎಷ್ಟೆಂದು ತಿಳಿಯದೆ ಒಳಗೆಷ್ಟು ಉಳಿದಿದೆ ಎಂದು ಹೇಳುವಂತಿಲ್ಲ. ಗೆರೆಯಿಲ್ಲದ ಕಂಬ ಕನಿಷ್ಠ ಎರಡೂವರೆ ಇಂಚು, ಅಂದರೆ ಆರೂವರೆ ಸೆಂಟಿಮೀಟರ್ ಒಳಗಿರಬೇಕು; ಜೊತೆಗೆ ಅದರ ತುದಿ ಅಡ್ಡ ಬಾರಿನ ಸಂಧಿಗಿಂತ ಕೆಳಗಿರಬೇಕು. ಈ ಎರಡರಲ್ಲಿ ಯಾವುದು ಹೆಚ್ಚು ಆಳವೋ ಅದೇ ಲೆಕ್ಕ. ಅದು ಸಾಲದಿದ್ದರೆ ಅದೇ ದಪ್ಪದ ಉದ್ದ ಕಂಬ ಹಾಕಬೇಕು. ‘ಅದೇ ದಪ್ಪ’ ಎನ್ನುವಲ್ಲಿ ರಿಯಾಯಿತಿ ಇಲ್ಲ. ಕಂಬಗಳು 0.2 ಮಿಲಿಮೀಟರಿನ ಅಂತರದಲ್ಲಿ ತಯಾರಾಗುತ್ತವೆ, ಕಣ್ಣಳತೆಗೆ ಅದು ಸಿಗದು. ವರ್ನಿಯರ್ ಇಟ್ಟು ನೋಡಬೇಕು. ತೆಳುವಾದ ಕಂಬ ಹಾಕಿ ಬೋಲ್ಟು ಬಿಗಿಯುತ್ತ ಹೋದರೆ ಲಗ್ಗಿನ ಎರಡು ಕಿವಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಕಿವಿಗಳು ಮುಟ್ಟಿಕೊಂಡವೆಂದರೆ ಕಂಬ ಆ ಫ್ರೇಮಿನದಲ್ಲ ಎಂದರ್ಥ. ಇನ್ನೂ ಬಿಗಿದರೆ ಕಿವಿ ಬಾಗುತ್ತದೆ, ಬೋಲ್ಟು ತುಂಡಾಗುತ್ತದೆ, ಕಂಬ ಮಾತ್ರ ಜಾರುವುದು ಬಿಡುವುದಿಲ್ಲ.

ಹೊರಗೆ ಬಾರದೆ ಕಚ್ಚಿಕೊಂಡ ಕಂಬದ ಕಷ್ಟ ಬೇರೆ. ಮಳೆನೀರು ಸೀಳಿನಿಂದ ಇಳಿದು ಉಕ್ಕಿನ ಕಂಬಕ್ಕೂ ಉಕ್ಕಿನ ಕೊಳವೆಗೂ ನಡುವೆ ತುಕ್ಕು ಕಟ್ಟುತ್ತದೆ. ಅಲ್ಯೂಮಿನಿಯಂ ಕಂಬವಾದರೆ ಎರಡು ಲೋಹಗಳ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಬಿಳಿಯ ಪುಡಿ ಉಬ್ಬಿ ಬೆಣೆ ಹೊಡೆದಂತಾಗುತ್ತದೆ. ಬೋಲ್ಟನ್ನು ಪೂರ್ತಿ ತೆಗೆದು, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದೆರಡು ದಿನ ತಾಳ್ಮೆಯಿಂದ ಕಾದು, ಸೀಟು ಹಿಡಿದು ತಿರುಚಬೇಕು. ಸುತ್ತಿಗೆ ಹಿಡಿದು ಆತುರಪಟ್ಟವರು ಕಂಬದ ಜೊತೆ ಫ್ರೇಮನ್ನೂ ಕಳೆದುಕೊಂಡಿದ್ದಾರೆ. ಬಿಡಿಸಿದ ಮೇಲೆ ಕೊಳವೆಯ ಒಳಗನ್ನು ಒರೆಸಿ, ಕಂಬಕ್ಕೆ ತೆಳ್ಳಗೆ ಗ್ರೀಸು ಸವರಿ ಹಾಕಿದರೆ ಮುಂದಿನವರು ಹರಸುತ್ತಾರೆ. ಗ್ರೀಸು ಹಚ್ಚಿದರೆ ಸೀಟು ಜಾರುತ್ತದೆ ಎಂಬ ಭಯ ಸಾಮಾನ್ಯ. ಅಳತೆ ಸರಿಯಿದ್ದರೆ ಅದು ಜಾರದು.

ಕಂಬ ಹೊರಗಿರುವಾಗಲೇ ಸೀಳಿನ ಬುಡವನ್ನೂ ಲಗ್ಗಿನ ಕೆಳ ಅಂಚನ್ನೂ ಒರೆಸಿ, ಬಿಸಿಲಿಗೆ ಹಿಡಿದು ನೋಡಬೇಕು. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರಗುಂಟ ಕಂದು ತುಕ್ಕು ಕಂಡರೆ ಅದು ಬರಿಯ ಬಣ್ಣದ ಬಿರುಕಲ್ಲದಿರಬಹುದು. ಅಂಥ ಫ್ರೇಮನ್ನು ಬೆಸುಗೆ ಬಲ್ಲವರಿಗೆ ತೋರಿಸದೆ ಏರಬಾರದು. ಎಲ್ಲ ಸರಿಯಿದ್ದರೆ ಸೀಟನ್ನು ಒಂದೇ ಸಲಕ್ಕೆ ಗುರಿ ಮುಟ್ಟಿಸದೆ ಅರ್ಧ ಸೆಂಟಿಮೀಟರಿನಂತೆ ಏರಿಸುತ್ತ, ನಡುವೆ ಎರಡು ಮೂರು ದಿನ ತುಳಿದು ನೋಡುವುದು ಒಳ್ಳೆಯದು. ತಗ್ಗಿನ ಸೀಟಿಗೆ ಹೊಂದಿಕೊಂಡ ಮೊಣಕಾಲಿಗೂ, ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕಿಳಿದು ಕಾಲೂರುವ ಅಭ್ಯಾಸಕ್ಕೂ ಸಮಯ ಬೇಕು. ಉದ್ದದ ಕಂಬ ಹಾಕಿದರೂ ಹ್ಯಾಂಡಲು ತೀರಾ ತಗ್ಗಿ, ಬೆನ್ನು ಬಾಗಿ ಹಿಂಸೆಯಾದರೆ ಫ್ರೇಮೇ ಚಿಕ್ಕದಾಯಿತೆಂದು ಒಪ್ಪಿಕೊಳ್ಳುವುದು ಮೇಲು. ಹ್ಯಾಂಡಲಿನ ಕಾಂಡವನ್ನು ಮೇಲಕ್ಕೆಳೆದು ಸರಿಪಡಿಸೋಣವೆಂದರೆ ಅದಕ್ಕೂ ಇದೇ ಕಟ್ಟಳೆ ಇದೆ, ಹಳೆಯ ಸೈಕಲ್ಲಿನಲ್ಲಿ ಅಲ್ಲಿಯೂ ಗೆರೆ ಇರುವುದಿಲ್ಲ.

ಇಷ್ಟೆಲ್ಲ ಅಳೆದು ತೂಗಿದ ಮೇಲೆ, ಮುಂದೆ ಯಾರೂ ಮೋಸಹೋಗದಿರಲಿ ಎಂದು ಮೊಮ್ಮಗ ತಾತನ ಕಂಬಕ್ಕೂ ಒಂದು ಗೆರೆ ಹಾಕಲು ಹೊರಡುವುದು ಸಹಜವೇ. ಕೈಗೆ ಸಿಗುವುದು ಗರಗಸದ ಬ್ಲೇಡು ಅಥವಾ ಅರ. ಅದರಿಂದ ಕೊರೆದ ಗೀರಿನಲ್ಲೇ ಮುಂದೆ ಬಿರುಕು ಶುರುವಾಗುತ್ತದೆ. 1976ರ ನಿಯಮ ಬರೆದವರು ಗುರುತಿನಿಂದ ಕಂಬದ ಬಲ ಕುಂದಬಾರದು ಎಂದು ಸೇರಿಸಿದ್ದು ಇದಕ್ಕಾಗಿ. ಒಂದು ಸುತ್ತು ಇನ್ಸುಲೇಷನ್ ಟೇಪು, ಇಲ್ಲವೇ ಉಗುರುಬಣ್ಣದ ಒಂದು ಗೆರೆ ಸಾಕು.